ಗುಣಪಾಲನ ಮೊಣಕೈ

ಊರಿನಲ್ಲಿ ಗುಣಪಾಲನಿಗೆ ಕ್ರಿಕೆಟ್ ಬಿಡಿಸಿದ್ದು ಅವನ ಮೊಣಕೈ. ಚೆಂಡು ಬಿಡುವಾಗ ನೆಟ್ಟಗಿರಬೇಕಾದ ಅದು ಬಾಗುತ್ತಿತ್ತು. ಕಾರ್ಕಳದ ಒಂದು ಪಂದ್ಯದಲ್ಲಿ ಅಂಪೈರ್ ಜಯಪಾಲ ಒಂದರ ಹಿಂದೊಂದು ಆರು ನೋ ಬಾಲ್ ಕೊಟ್ಟು, "ಇದು ಬೌಲಿಂಗ್ ಅಲ್ಲ ಮಾರಾಯ, ಮಾವಿನಕಾಯಿಗೆ ಕಲ್ಲು ಹೊಡೆಯುವುದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅಲ್ಲಿಗೆ ಖಲಾಸ್.

ದುಬೈಗೆ ಬಂದು ಜೆಬೆಲ್ ಅಲಿಯಲ್ಲಿ ಸ್ಟೋರ್ ಕೀಪರ್ ಆದ. ಒಂದು ರಜೆಯ ದಿನ ಮೈದಾನದ ಬದಿಯಲ್ಲಿ ಹೋಗುತ್ತಿದ್ದಾಗ ಫಿಲಿಪಿನೋಗಳ ಬೇಸ್‌ಬಾಲ್ ಚೆಂಡು ಕಾಲಬುಡಕ್ಕೆ ಬಂತು. ವಾಪಸ್ ಎಸೆದ. ಹಿಡಿದವನು ಗ್ಲೌಸ್ ಕಳಚಿ ಅಂಗೈಗೆ ಉಫ್ ಎಂದು ಊದಿಕೊಂಡ. ಆ ಆಟದಲ್ಲಿ ಎಸೆಯುವುದೇ ಕಸುಬು, ಎಸೆಯುವವನಿಗೆ ಪಿಚರ್ ಎಂದು ಹೆಸರು. ಹನ್ನೆರಡು ವರ್ಷದಿಂದ ಗುಣಪಾಲನೇ ಅವರ ಪಿಚರ್. ತಂಡದ ಜೆರ್ಸಿ ಹೊಲಿಸುವುದು ದುಬೈಯ ನೈಫ್ ಪೇಟೆಯಲ್ಲಿರುವ ನನ್ನ ಟೈಲರ್ ಅಂಗಡಿಯಲ್ಲಿ. ಪ್ರತಿ ಸೀಸನ್ನಿಗೂ ಅವನದ್ದು ಬಲಗಂಕುಳಲ್ಲಿ ಹರಿದು ಬರುತ್ತಿತ್ತು. ಆ ತೋಳಿಗೆ ಗ್ಯಾರಂಟಿ ಇಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದೆ.

ಕಳೆದ ತಿಂಗಳು ಅವರು ಕಪ್ ಗೆದ್ದ ಮೇಲೆ ನಮ್ಮ ಊರಿನವರ ಸಂಘಕ್ಕೆ ಎಚ್ಚರವಾಯಿತು. ಕ್ರಿಕೆಟ್ ಕೂಟದ ದಿನ ಸನ್ಮಾನವಂತೆ. ಸಂಘದ ಅಧ್ಯಕ್ಷ ಯಾರು? ಅದೇ ಜಯಪಾಲ! ಈಗ ಅಬುಧಾಬಿಯ ಅಲ್ ರೀಮ್‌ನಲ್ಲಿ ಸಮುದ್ರ ಕಾಣುವ ಫ್ಲಾಟು.

"ಹಳೆಯದೆಲ್ಲ ಅವರಿಗೆ ಮರೆತಿರಬಹುದು ಅಣ್ಣ," ಎಂದ ಗುಣಪಾಲ. ಊರಿನವರ ಬಾಯಲ್ಲಿ ಒಮ್ಮೆ ಆಟಗಾರ ಅನಿಸಿಕೊಳ್ಳಬೇಕು, ಅದನ್ನು ಮಗಳು ಅಶ್ಮಿತಾ ಕೇಳಬೇಕು. ಅವನಿಗಿದ್ದ ಆಸೆ ಅಷ್ಟೇ.

ಫ್ಲೆಕ್ಸಿನಲ್ಲಿ 'ಬೇಸ್‌ಬಾಲ್ ಬೌಲರ್' ಎಂದು ಹಾಕಿಸಿದ್ದರು. ಹೋಗಲಿ ಬಿಡಿ. ಶಾಲು ಹೊದಿಸಿದರು. "ಉದ್ಘಾಟನೆಗೆ ಒಂದು ಬಾಲ್ ಹಾಕು, ನಿನ್ನದೇ ಸ್ಟೈಲಿನಲ್ಲಿ" ಎಂದು ಜಯಪಾಲ ಮೈಕ್ ಹಿಡಿದು ಅಂಪೈರಿನ ಜಾಗದಲ್ಲಿ ನಿಂತ. ಗುಣಪಾಲ ಎಸೆದ. ನಡುವಿನ ಸ್ಟಂಪು ಕಿತ್ತು ಹಾರಿತು.

"ನೋ ಬಾಲ್!" ಮೈಕ್ ಕೂಗಿತು. "ಇಪ್ಪತ್ತು ವರ್ಷ ಆದರೂ ಇವನ ಕೈ ನೆಟ್ಟಗಾಗಲಿಲ್ಲ ಮಾರಾಯ್ರೆ!"

ಇಡೀ ಮೈದಾನ ನಕ್ಕಿತು. ಎಸೆದದ್ದಕ್ಕೇ ಶಾಲು ಹೊದಿಸಿ, ಎಸೆದನೆಂದೇ ನಗುವುದು ಯಾವ ಸೀಮೆಯ ಮರ್ಯಾದೆ? ಕರೆಸಿ ಅವಮಾನ ಮಾಡಲು ಇವರಿಗೆ ಫ್ಲೆಕ್ಸು ಬೇರೆ ಕೇಡು!

"ಪಪ್ಪಾ, ದಟ್ ವಾಸ್ ಎ ಸ್ಟ್ರೈಕ್!" ಅಶ್ಮಿತಾ ಒಬ್ಬಳೇ ಕಿರುಚಿದಳು. ಬೇಸ್‌ಬಾಲಿನಲ್ಲಿ ಗುರಿಗೆ ಸರಿಯಾಗಿ ಬಿದ್ದ ಎಸೆತಕ್ಕೆ ಆ ಹೆಸರು.

ಗುಣಪಾಲ ಹೋಗಿ ಬಿದ್ದ ಸ್ಟಂಪನ್ನು ಮತ್ತೆ ನೆಟ್ಟ. ತನ್ನ ಶಾಲು ತೆಗೆದು ಅದಕ್ಕೆ ಹೊದಿಸಿದ.

"ಜಯಪಾಲಣ್ಣ, ನಿಮಗೆ ನೆಟ್ಟಗೆ ಇದ್ದದ್ದೇ ಬೇಕಲ್ಲ? ಸನ್ಮಾನ ಇದಕ್ಕೇ ಆಗಲಿ."

ಮಗಳ ಕೈ ಹಿಡಿದು ಹೊರಟುಹೋದ. "ಶಾಲು ತೆಗೀರಿ, ಆಟ ಶುರು ಆಗಬೇಕು," ಎಂದು ಮೈಕ್ ಮೂರು ಸಲ ಹೇಳಿತು. ಯಾರೂ ಮುಟ್ಟಲಿಲ್ಲ. ಕೊನೆಗೆ ಜಯಪಾಲನೇ ಹೋದ. ಮಡಚಲು ಅವನೂ ಮೊಣಕೈ ಬಾಗಿಸಲೇಬೇಕಾಯಿತು.