ಹಿಂದಡಿ ಇಡದ ದೋನ್ ಫೆರ್ಮಿನ್

ಶಿಕಾಗೋದ ಹದಿನೆಂಟನೇ ಬೀದಿಯ ಮೆಕ್ಸಿಕೋದವರಲ್ಲಿ ಒಂದು ಪುರಾಣವಿದೆ: ಎಲ್ಲರೂ ಗೌರವದಿಂದ 'ದೋನ್' ಎಂದು ಕರೆಯುವ ಫೆರ್ಮಿನ್ ನಲವತ್ತು ವರ್ಷದಿಂದ ಒಂದು ಹೆಜ್ಜೆಯನ್ನೂ ಹಿಂದಿಟ್ಟಿಲ್ಲ. ಟ್ರಕ್ಕು ರಿವರ್ಸ್ ತೆಗೆಯಬೇಕಾಗಿ ಬಂದರೆ ಇಡೀ ಬಡಾವಣೆ ಸುತ್ತಿ ಬರುತ್ತಾನೆ. ಮದುವೆಗಳಲ್ಲಿ ಕುಣಿಯುವಾಗಲೂ ಮುಂದಕ್ಕೇ ನುಗ್ಗುವುದರಿಂದ ಹೆಂಡತಿ ಚಾಯೊ ಮೂವತ್ತು ವರ್ಷ ಹಿಂದಹಿಂದಕ್ಕೇ ಕುಣಿದಿದ್ದಾಳೆ. ಬಾಕ್ಸಿಂಗ್ ಇದ್ದ ದಿನವಂತೂ ಅವನನ್ನು ಹಿಡಿಯುವವರಿಲ್ಲ. ಮೆಕ್ಸಿಕೋದ ಹಸಿರು, ಬಿಳಿ, ಕೆಂಪು ಬಾವುಟ ಹೊದ್ದು, ರಾಷ್ಟ್ರಗೀತೆಗೆ ಎದ್ದು ನಿಂತು ಗಳಗಳ ಅತ್ತು, ಗಂಟೆ ಬಾರಿಸಿದ್ದೇ ತಡ ಟೀವಿಗೇ ಗುದ್ದಲು ಹೊರಡುತ್ತಾನೆ. ಏಟು ತಿಂದ ಮೆಕ್ಸಿಕೋದ ಹುಡುಗ ಒಂದಡಿ ಹಿಂದೆ ಸರಿದನೋ, "ಹಿಂದೆ ಹೋಗೋದು ನಮ್ಮ ರಕ್ತದಲ್ಲೇ ಇಲ್ಲ ಕಣೋ, ನುಗ್ಗು" ಎಂದು ಗುಡುಗುತ್ತಾನೆ. ಪಕ್ಕದ ಕ್ಷೌರದಂಗಡಿಯ ವಿಲ್ಫ್ರೆದೊ ಪೋರ್ಟೊರಿಕೋದವನು. "ನಮ್ಮವರು ಸರಿದು ಹೊಡೀತಾರೆ, ಅದಕ್ಕೇ ಅವರಿಗಿನ್ನೂ ಮೂಗಿದೆ" ಎಂದು ಅವನು ಕೆಣಕಿದರೆ, "ಮೂಗು ಉಳಿಸ್ಕೊಳ್ಳೋರು ಹೂ ಮೂಸ್ತಾ ಕೂತ್ಕೊಳ್ಳಿ" ಎನ್ನುತ್ತಾನೆ ಫೆರ್ಮಿನ್. ಕಳೆದ ಶನಿವಾರ ಅವನ ಮಗಳು ಇತ್ಸೆಲ್, ಅದೇ ಬಾವುಟದ ಬಣ್ಣದ ಚಡ್ಡಿ ತೊಟ್ಟು, ಮೊದಲ ಸಲ ರಿಂಗಿಗಿಳಿದಳು. ಎರಡನೇ ಸುತ್ತಿನಲ್ಲಿ ಮೂಗಿಗೆ ಬಿದ್ದ ಗುದ್ದಿಗೆ ರಕ್ತ ಇಳಿಯಿತು. ಅಪ್ಪನ ಮಗಳು, ನುಗ್ಗುತ್ತಲೇ ಇದ್ದಳು. "ಹಿಂದೆ ಸರಿ ಮಗಳೇ, ಸರಿಯೇ ನನ್ನಮ್ಮಾ" ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿದ್ದು ಫೆರ್ಮಿನ್. ಕೂಗುತ್ತಾ, ತೋರಿಸಿಕೊಡುವವನಂತೆ ತಾನೂ ಹಿಂದಡಿಯಿಟ್ಟು, ಪಂದ್ಯ ನೋಡಲು ಬಂದು ಹಿಂದೆಯೇ ನಿಂತಿದ್ದ ವಿಲ್ಫ್ರೆದೊನ ಕಾಲು ತುಳಿದ. ಅವಳು ಸರಿದಳು, ಸರಿದು ಹೊಡೆದಳು, ಗೆದ್ದಳು. "ಏನು ದೋನ್, ಹಿಂದೆ ಹೋಗೋದು ನಿಮ್ಮ ರಕ್ತದಲ್ಲೇ ಇಲ್ಲ ಅಂತಿದ್ರಿ?" ಎಂದ ವಿಲ್ಫ್ರೆದೊ, ಕಾಲು ನೀವಿಕೊಳ್ಳುತ್ತಾ. ಫೆರ್ಮಿನ್ ಬಾವುಟದ ತುದಿಯಿಂದ ಮಗಳ ಮೂಗೊರೆಸುತ್ತಿದ್ದ. "ಆಗೆಲ್ಲ ಮೂಗು ಬೇರೆಯವರ ಮಕ್ಕಳದಾಗಿತ್ತು ಕಣಯ್ಯಾ" ಎಂದ.