ಇಲಾರಿಯೊನ್ ಬರೆದ ಮಣ್ಣಿನ ವರದಿ

ಮೊಲ್ಡೋವಾದ ನಮ್ಮ ಹಳ್ಳಿಯಲ್ಲೇ ಹುಟ್ಟಿದ ಇಲಾರಿಯೊನ್ ಮಣ್ಣು ವಿಜ್ಞಾನಿಯಾದ ಮೇಲೂ ಊರು ಬಿಡಲಿಲ್ಲ. ದೇವರನ್ನು ಒಪ್ಪದ ಸೋವಿಯತ್ ಸರ್ಕಾರ ಊರಿನ ಚರ್ಚು ಮುಚ್ಚಿಸಿ ಒಳಗೆ ರಸಗೊಬ್ಬರ ತುಂಬಿಸಿತು. ಅವನು ಪ್ರತಿ ಭಾನುವಾರ ಹೆಂಡತಿ ಪರಸ್ಕೀವಾ ಮತ್ತು ಮೂವರು ಹೆಣ್ಣುಮಕ್ಕಳೊಂದಿಗೆ ಅಡುಗೆಮನೆಯಲ್ಲೇ ಪ್ರಾರ್ಥನೆ ಮಾಡತೊಡಗಿದ.

ಹನ್ನೆರಡು ವರ್ಷದ ಮೇಲೆ ಸಾಮೂಹಿಕ ಕೃಷಿ ಸಂಘದ ಅಧ್ಯಕ್ಷ ಪ್ರೊಕೋಪಿಗೆ ಚರ್ಚು ಕೆಡವಿ ದ್ರಾಕ್ಷಿ ತೋಟ ಮಾಡುವ ಮನಸ್ಸಾಯಿತು. ಮಣ್ಣಿನ ವರದಿ ಕೊಡು ಎಂದು ಇಲಾರಿಯೊನ್‌ಗೆ ಹೇಳಿದ.

"ಮಣ್ಣು ಕೆಟ್ಟಿದೆ ಅಂತ ಬರ್ದುಬಿಡ್ರೀ. ಯಾರು ಅಗೆದು ನೋಡ್ತಾರೆ?" ಎಂದಳು ಪರಸ್ಕೀವಾ.

"ಸುಳ್ಳು ಹೇಳಿ ದೇವರ ಮನೆ ಉಳಿಸೋದೇನೆ? ನಾನೇ ಅಗೆದು ನೋಡ್ತೀನಿ."

ಮೂರು ದಿನ ಚರ್ಚಿನ ಸುತ್ತ ಗುಂಡಿ ತೋಡಿದ. ಮೇಲಿನ ಕಪ್ಪು ಮಣ್ಣು ಚೆನ್ನಾಗಿತ್ತು. ಅದರ ಕೆಳಗೆ ಬಿಳಿ ಉಪ್ಪು ಕಟ್ಟಿತ್ತು. ಬೇರು ಅಲ್ಲಿಗಿಳಿದರೆ ದ್ರಾಕ್ಷಿ ಬಳ್ಳಿ ಬಾಳುವುದಿಲ್ಲವೆಂದು ಬರೆದುಕೊಟ್ಟ.

ಪ್ರೊಕೋಪಿ ನಕ್ಕ. "ಉಪ್ಪು ಸುರಿದೋನು ನಿನ್ನ ದೇವರೇನಯ್ಯಾ?"

"ಅಲ್ಲ ಅಧ್ಯಕ್ಷರೇ, ನಿಮ್ಮ ಗೊಬ್ಬರ ಮಳೇಲಿ ಕರಗಿ ಇಳಿದಿದ್ದು. ಚರ್ಚಿನ ಸೂರು ಸೋರುತ್ತೆ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದೆ."

ಅರ್ಜಿಗಳು ಕಡತದಲ್ಲಿದ್ದವು. ವಿಷಯ ಮೇಲಿನವರಿಗೆ ಹೋದರೆ ತನ್ನ ಕುರ್ಚಿಗೇ ಸಂಚಕಾರವೆಂದು ಪ್ರೊಕೋಪಿ ತೋಟದ ಮಾತು ಬಿಟ್ಟ.

ಸೋವಿಯತ್ ಆಡಳಿತ ಮುಗಿದು ಚರ್ಚು ಮತ್ತೆ ತೆರೆದಾಗ ಇಲಾರಿಯೊನ್‌ಗೆ ಅರವತ್ತೆಂಟು ವರ್ಷ. ಆ ಹೊತ್ತಿಗೆ ಉಪ್ಪು ಮೇಲಕ್ಕೇರಿ ಅಂಗಳದಲ್ಲಿ ಹುಲ್ಲೂ ಬೆಳೆಯುತ್ತಿರಲಿಲ್ಲ. ಅವನು ಹೆಣ್ಣುಮಕ್ಕಳೊಂದಿಗೆ ಜಿಪ್ಸಂ ಬೆರೆಸಿ, ನೀರು ಹಾಯಿಸಿ, ಆರು ವರ್ಷ ಆ ಮಣ್ಣನ್ನು ತೊಳೆದ. ಏಳನೆಯ ವರ್ಷ, ಪಾದ್ರಿಗಳು ತೀರ್ಥ ಚಿಮುಕಿಸಲು ಬಳಸುವ ಕಾಮಕಸ್ತೂರಿಯನ್ನು ಪರಸ್ಕೀವಾ ಅಲ್ಲೇ ಬಿತ್ತಿದಳು. ಅದು ಮೊಣಕಾಲೆತ್ತರ ಬೆಳೆಯಿತು.