ಒಂದೇ ಹೆಸರಿನ ಎರಡು ಬ್ಯಾಂಡು: ಶಹಾಬಾದಿನಿಂದ ಕುಂಚಾವರಂವರೆಗೆ

ವೈಶಾಖದ ಒಂದು ಮುಂಜಾನೆ ನಾನು ಶಹಾಬಾದ್ ಸ್ಟೇಷನ್ನಿನಲ್ಲಿ ಮೂರು ಡ್ರಮ್ಮು, ಒಂದು ಕಂಚಿನ ತಟ್ಟೆ ಮತ್ತು ಎತ್ತರದ ಹಿಮ್ಮಡಿಯ ಬೆಳ್ಳಿ ಬಣ್ಣದ ಬೂಟು ಇಟ್ಟುಕೊಂಡು ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದೆ. ಹಮಾಲನೊಬ್ಬ ಬೂಟು ನೋಡಿ ಯಾವ ನಾಟಕ ಕಂಪನಿ ಎಂದು ಕೇಳಿದ. ಮದುವೆಯ ಬ್ಯಾಂಡು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ, ಆದರೂ ಗಾಡಿ ಬಂದಾಗ ದೊಡ್ಡ ಡ್ರಮ್ಮನ್ನು ಅವನೇ ಒಳಗೆ ತಳ್ಳಿ ಪುಣ್ಯ ಕಟ್ಟಿಕೊಂಡ. ಫರಸಿ ಕಲ್ಲಿನ ಗಣಿಗಳು, ಸಿಮೆಂಟಿನ ಧೂಳು ಕೂತ ಬೇವಿನ ಗಿಡಗಳು ಹಿಂದೆ ಹೋದವು. ಆ ಹೊತ್ತಿಗೇ ಕಿಟಕಿಯ ಸರಳು ಕಾದಿತ್ತು.

ನಮ್ಮ ಬ್ಯಾಂಡಿನ ಹೆಸರು ಬಿಜಲಿ ಪಾರ್ಟಿ. ಅದು ಹುಟ್ಟಿದ್ದು ವಾಡಿಯ ರೈಲ್ವೆ ಕಾಲೊನಿಯಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಹೊಸತರಲ್ಲಿ. ಅಲ್ಲಿ ನಿವೃತ್ತ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬರಿದ್ದರು. ವಿಲಾಯತಿನಲ್ಲಿದ್ದ ಅವರ ತಮ್ಮ ಒಂದು ಇಂಗ್ಲಿಷ್ ಬ್ಯಾಂಡಿನ ಗ್ರಾಮಫೋನ್ ತಟ್ಟೆಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಕಳಿಸುತ್ತಿದ್ದ. ಆ ಬ್ಯಾಂಡಿನ ಗಂಡಸರು ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ ಹಚ್ಚಿ, ಮಿಣಮಿಣ ಅಂಗಿ ತೊಟ್ಟು, ಗೋಡೆ ನಡುಗುವಂತೆ ಬಾರಿಸುತ್ತಿದ್ದರು. ಟೇಲರ್ ಮಗ ಯೂಸುಫ್ ಗಾರ್ಡ್ ಸಾಹೇಬರ ಹಳೆಯ ಗಿಟಾರು ಹಿಡಿದ. ಅಂಗಿ, ಕೋಟುಗಳನ್ನೂ ಅವನೇ ಹೊಲಿದ. ಪ್ರಾಥಮಿಕ ಶಾಲೆಯ ಮಾಸ್ತರ ಮನೋಹರ ಅಕಾರ್ಡಿಯನ್ ಹಿಡಿದ. ಕಲ್ಲಿನ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಬಡಿಯುವುದು ಗೊತ್ತಿತ್ತು, ಡ್ರಮ್ಮು ಬಂತು.

ಆ ಇಂಗ್ಲಿಷ್ ಬ್ಯಾಂಡಿನ ಜಾತಕವನ್ನು ಗಾರ್ಡ್ ಸಾಹೇಬರು ನಮಗೆ ಪುರಾಣದಂತೆ ಹೇಳುತ್ತಿದ್ದರು. ಗಿರಣಿ ಊರಿನ ಶರಾಬು ಅಂಗಡಿಗಳಲ್ಲಿ ಶುರುವಾಯಿತಂತೆ. ಹೆಸರು ಬದಲಿಸಿತಂತೆ, ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ದೇಶವೆಲ್ಲ ಮೆರೆಯಿತಂತೆ. ಆಮೇಲೆ ಫ್ಯಾಷನ್ ಹಳತಾಯಿತು, ಹಾಡುವವನಿಗೂ ಗಿಟಾರಿನವನಿಗೂ ಹೊಂದಿಕೆಯಾಗಲಿಲ್ಲ. ಕಡೆಗೆ ಬ್ಯಾಂಡು ಒಡೆದು ಎರಡಾಯಿತು, ಎರಡೂ ಅದೇ ಹೆಸರಿನಲ್ಲಿ ಊರೂರು ತಿರುಗತೊಡಗಿದವು. ಅದನ್ನು ಕೇಳಿ ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು. ಅದೇ ಗತಿ ನಕ್ಕವರ ಮನೆಗೇ ಬಂತು. ಮನೋಹರನಿಗೆ ಸಿನಿಮಾ ಹಾಡು ಬೇಕು, ಯೂಸುಫನಿಗೆ ಇಂಗ್ಲಿಷ್ ಗುಡುಗೇ ಬೇಕು. ಒಂದು ಗಣಪತಿ ಹಬ್ಬದ ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಮಾತಿಗೆ ಮಾತು ಬೆಳೆಸಿ ಬೇರೆಯಾದರು. ನಾನು ಮನೋಹರನ ಕಡೆ ಉಳಿದೆ. ಯೂಸುಫ್ ಹುಮನಾಬಾದಿಗೆ ಹೋಗಿ, ಅಲ್ಲಿಯೂ ಬಿಜಲಿ ಪಾರ್ಟಿ ಎಂದೇ ಬೋರ್ಡು ಬರೆಸಿದ. ಎರಡು ವರ್ಷ ನಮ್ಮ ನಡುವೆ ಮಾತಿರಲಿಲ್ಲ.

ವಾಡಿಯಲ್ಲಿ ಮನೋಹರನೂ ಬ್ಯಾಂಡಿನ ಉಳಿದ ಇಬ್ಬರೂ ಕೂಡಿಕೊಂಡರು. ಗಾಡಿ ಬದಲಿಸಿ ಸಿಕಂದರಾಬಾದಿನ ದಾರಿ ಹಿಡಿದೆವು. ಚಿತ್ತಾಪುರದಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಕ್ರಾಸಿಂಗ್ ಅಂತೆ. ಇಳಿದು ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ಭಜಿಯ ಖಾರಕ್ಕೆ ಮನೋಹರನ ಮೂಗು ಸೋರಿತು, ಆದರೂ ಇನ್ನೊಂದು ಪ್ಲೇಟು ತರಿಸಿದ. ಮುಂದೆ ತೊಗರಿಯ ಹೊಲಗಳು ಬರಿದಾಗಿ ಬಿದ್ದಿದ್ದವು, ಕರಿ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು.

ಸೇಡಂ ಸ್ಟೇಷನ್ನಿನ ಹೊರಗೆ ಗಂಡಿನ ಕಡೆಯ ಲಾರಿ ಕಾದಿತ್ತು, ಮದುವೆ ಕುಂಚಾವರಂ ಆಚೆಯ ಹೆಣ್ಣಿನ ಹಳ್ಳಿಯಲ್ಲಿ. ಗಂಡಿನ ತಂದೆ ಕೋಡ್ಲಾದ ಶರಣಪ್ಪ ಸಾಹುಕಾರರು, ಹೊಟ್ಟೆಯೂ ದೊಡ್ಡದು, ಮಾತೂ ದೊಡ್ಡದು. ನಮ್ಮನ್ನು ಎಣ್ಣೆಗಣ್ಣಿನಿಂದ ಕಾಯುತ್ತಿದ್ದವರು ನೋಡಿದ್ದೇ ಮೀಸೆ ತಿರುವಿದರು.

"ನೋಡ್ರಿ ಮಾಸ್ತರ, ಅಸಲಿ ಬಿಜಲಿ ಪಾರ್ಟಿ ತರಲಿಕತ್ತೀನಿ ಅಂತ ಬೀಗರಿಗೆ ಹೇಳಿ ಕಳಿಸೀನಿ. ಅಲ್ಲಿ ನನ್ನ ಮೂಗು ಉಳಸಬೇಕು."

ಮೂಗು ಉಳಿಸುತ್ತೇವೆಂದು ಮನೋಹರ ಮಾತು ಕೊಟ್ಟ. ಮದುಮಗನಿದ್ದ ಸಾಹುಕಾರರ ಜೀಪು ಮುಂದೆ, ನೆಂಟರೊಂದಿಗೆ ನಮ್ಮ ಲಾರಿ ಹಿಂದೆ. ಸುಲೇಪೇಟ ದಾಟುವ ಹೊತ್ತಿಗೆ ಕೆಂಪು ಧೂಳು ಕೂತು ನಮ್ಮ ಹುಬ್ಬುಗಳೂ ಕೆಂಪಾಗಿದ್ದವು. ರಸ್ತೆ ಎಂಬುದು ಹೆಸರಿಗೆ ಮಾತ್ರ, ಲಾರಿಯಲ್ಲಿ ಕೂತವರಿಗಿಂತ ಹಾರಿದವರೇ ಹೆಚ್ಚು.

ಚಿಂಚೋಳಿ ಮುಟ್ಟಿ, ಪಕ್ಕದ ಚಂದಾಪುರದಲ್ಲಿ ಚಹಾಕ್ಕೆ ನಿಂತೆವು. ಜೀಪು ಮುಂದಕ್ಕೆ ಹೋಗಿತ್ತು. ಹೋಟೆಲಿನವನು ಡ್ರಮ್ಮಿನ ಮೇಲಿನ ಹೆಸರು ಓದಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ನೀವು ನಿನ್ನೇನೇ ಕುಂಚಾವರಂ ಕಡೆ ಹೋದ್ರಲ್ಲ? ಮತ್ತ ಯಾವಾಗ ಹೊಳ್ಳಿ ಬಂದ್ರಿ?"

ನಿನ್ನೆ ಹೋದವರು ನಾವಲ್ಲ ಎಂದೆ. ವಿಚಾರಿಸಿದರೆ, ಬೆಳ್ಳಿ ಕೋಟಿನವನೊಬ್ಬ ಇದೇ ಹೆಸರಿನ ಪೆಟ್ಟಿಗೆ ಹೊತ್ತು ಬಂದಿದ್ದನಂತೆ, ಹೆಣ್ಣಿನ ಕಡೆಯವರು ಕರೆಸಿದ್ದರಂತೆ. ಯೂಸುಫನೇ. ಮನೋಹರ ಗ್ಲಾಸು ಕೆಳಗಿಟ್ಟ. ಇವತ್ತು ಯಾರು ನಕಲಿ ಅನ್ನಿಸಿಕೊಳ್ಳುತ್ತಾರೋ ಅವರನ್ನು ವಾಡಿಯಿಂದ ಚಿಂಚೋಳಿಯತನಕ ಇನ್ನು ಯಾರೂ ಕರೆಯುವುದಿಲ್ಲ, ಬ್ಯಾಂಡು ಮುಗಿದಂತೆಯೇ ಎಂದ. ಅವನು ಹೇಳಿದ್ದು ಸರಿಯೇ. ಆದರೆ ನನ್ನ ಹೆದರಿಕೆ ಬೇರೆ ಇತ್ತು. ನೂರಾರು ಮಂದಿಯ ಮುಂದೆ ಯೂಸುಫನನ್ನು ನಕಲಿ ಎಂದು ನಾನೇ ಹೇಳಬೇಕಾಗುತ್ತದೆ, ಇಲ್ಲವೇ ಅವನು ನನ್ನನ್ನು ಹೇಳುತ್ತಾನೆ. ಎರಡರಲ್ಲಿ ಯಾವುದೂ ನನಗೆ ಬೇಡವಾಗಿತ್ತು. ಲಾರಿ ಕೆಟ್ಟು ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಅಷ್ಟು ಗಟ್ಟಿಮುಟ್ಟಾದ ಲಾರಿಯನ್ನು ನಾನು ಹಿಂದೆಂದೂ ಹತ್ತಿರಲಿಲ್ಲ.

ಕಾಡು ಶುರುವಾಯಿತು. ತೇಗ ಎಲೆ ಉದುರಿಸಿ ನಿಂತಿತ್ತು. ಗಾಳಿಗೆ ಅಷ್ಟಿಷ್ಟು ತಂಪು ಬಂತು. ಕುಂಚಾವರಂ ದಾಟಿ ಎರಡು ಹರದಾರಿಯೊಳಗೆ ಹೆಣ್ಣಿನ ಹಳ್ಳಿ. ರೂಢಿಯಂತೆ ದಿಬ್ಬಣ ಊರ ಹೊರಗಿನ ಹನುಮಪ್ಪನ ಗುಡಿಯ ಹತ್ತಿರ ತಂಗಿತು. ಹೆಣ್ಣಿನ ಕಡೆಯವರು ಬಾಜಾ ಸಮೇತ ಬಂದು ಎದುರುಗೊಳ್ಳಬೇಕು. ನಾವು ಲಾರಿಯ ಮರೆಯಲ್ಲಿ ಬೂಟು ಏರಿಸಿ, ಕಾಡಿಗೆ ತೀಡಿ, ಜರಿಯ ಅಂಗಿ ತೊಟ್ಟೆವು. ನೀರಿಗೆ ಹೊರಟಿದ್ದ ಒಬ್ಬ ಮುದುಕಿ ಕೊಡ ಇಳಿಸಿ, ದೊಡ್ಡಾಟದವರೆಂದು ತಿಳಿದು ಕೈ ಮುಗಿದಳು. ಆಮೇಲೆ ಮನೋಹರನ ಗಲ್ಲ ಹಿಡಿದು, ಹೆಣ್ಣಿನ ವೇಷ ಚೆಂದ ಒಪ್ಪುತ್ತದೆ, ಆದರೆ ಮೀಸೆ ತೆಗೆಯುವುದು ಮರೆತಿದ್ದೀ ಎಂದು ಬುದ್ಧಿ ಹೇಳಿದಳು. ಅಂಥ ಭಯದಲ್ಲೂ ನಾನು ನಕ್ಕುಬಿಟ್ಟೆ.

ಅಷ್ಟರಲ್ಲಿ ಊರ ಕಡೆಯಿಂದ ಗಿಟಾರಿನ ಸದ್ದು ಕೇಳಿತು. ಎತ್ತಿನ ಬಂಡಿಯ ಮೇಲೆ ಗಿಟಾರಿನ ಸದ್ದು ಹೆಚ್ಚಿಸುವ, ಬ್ಯಾಟರಿ ಕಟ್ಟಿದ ಪೆಟ್ಟಿಗೆ, ಅದರ ಮೇಲೆ ಬಿಜಲಿ ಪಾರ್ಟಿ ಎಂಬ ಹೆಸರು, ಪಕ್ಕದಲ್ಲಿ ಬೆಳ್ಳಿ ಕೋಟಿನ ಯೂಸುಫ್. ಅವನ ಹಿಂದೆ ಒಂದು ಢೋಲಕಿ ತನ್ನ ಪಾಡಿಗೆ ಓಡುತ್ತಿತ್ತು, ಗಿಟಾರು ತನ್ನ ಪಾಡಿಗೆ. ನನ್ನನ್ನು ಕಂಡದ್ದೇ ಅವನ ಕೈ ನಿಂತಿತು. ಸಾಹುಕಾರರು ನಮ್ಮ ಡ್ರಮ್ಮನ್ನು ನೋಡಿದರು, ಬಂಡಿಯ ಪೆಟ್ಟಿಗೆಯನ್ನು ನೋಡಿದರು. ಮುಖ ಕಪ್ಪಿಟ್ಟಿತು. ಇದೇನು, ಅಸಲಿ ಯಾರು ಎಂದು ಮನೋಹರನ ಅಂಗಿ ಹಿಡಿದು ಕೇಳಿದರು.

ಅವನು ಉತ್ತರ ಕೊಡುವ ಮೊದಲೇ ಭೇಟಿಯ ಶಾಸ್ತ್ರ ಶುರುವಾಯಿತು. ಆ ಹಳ್ಳಿಯಲ್ಲಿ ಬೀಗರು ಮಾತ್ರ ಅಪ್ಪಿಕೊಂಡರೆ ಸಾಲದು. ಈ ಕಡೆಯ ಅಜ್ಜನಿಗೆ ಆ ಕಡೆಯ ಅಜ್ಜ, ಸೋದರಮಾವನಿಗೆ ಸೋದರಮಾವ, ಅಡಿಗೆಯವನಿಗೆ ಅಡಿಗೆಯವ, ಹೀಗೆ ಜೋಡಿ ಜೋಡಿಯಾಗಿ ಎಲ್ಲರೂ ಗುಲಾಲು ಹಚ್ಚಿ ಅಪ್ಪಬೇಕು. ಒಂದು ಜೋಡಿ ತಪ್ಪಿದರೂ ದಿಬ್ಬಣ ಊರೊಳಗೆ ಕಾಲಿಡುವಂತಿಲ್ಲ. ಹೆಣ್ಣಿನ ತಾತ ಗುಲಾಲಿನ ತಟ್ಟೆ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಗಡಿಯ ಊರು, ಅರ್ಧ ತೆಲುಗು, ಅರ್ಧ ಕನ್ನಡ. ಲಾರಿ ಡ್ರೈವರನೂ ಬಂಡಿ ಹೊಡೆಯುವವನೂ ಅಪ್ಪಿಕೊಂಡ ಮೇಲೆ ಅವನು ನನ್ನ ರಟ್ಟೆ ಹಿಡಿದ.

"ರಾ ನಾಯನಾ. ಬಾಜಾದವನ ಜೋಡಿ ಬಾಜಾದವ. ತಡಾ ಮಾಡಬ್ಯಾಡ್ರಿ, ಮುಹೂರ್ತ ಮೀರ್ತದ."

ನಾನು ಹೋದೆ. ಹೋಗದೆ ಉಪಾಯವಿರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ಉಪಾಯವಿರಲಿಲ್ಲವೆಂದು ನನಗೆ ಸಂತೋಷವೇ ಆಯಿತು. ಯೂಸುಫ್ ಗಿಟಾರನ್ನು ಬೆನ್ನಿಗೆ ಸರಿಸಿ ಬಂಡಿ ಇಳಿದ. ನಾನು ಅವನ ಹಣೆಗೆ ಗುಲಾಲು ಹಚ್ಚಿದೆ. ಅವನು ನನ್ನ ಎರಡೂ ಕೆನ್ನೆಗೆ ಬಳಿದು, ಬಲಕ್ಕೊಮ್ಮೆ ಎಡಕ್ಕೊಮ್ಮೆ ಅಪ್ಪಿದ. ಶಾಸ್ತ್ರ ಅಲ್ಲಿಗೇ ಮುಗಿಯಿತು, ಅವನು ಮಾತ್ರ ಬಿಡಲಿಲ್ಲ.

"ಎರಡು ವರ್ಷ ಆತು ನಿಂಗಾ, ತಾಳ ಇಲ್ದೇ ಬಾರಸಾಕತ್ತೀನಿ," ಎಂದು ನನ್ನ ಕಿವಿಯಲ್ಲಿ ಹೇಳಿದ. "ಭಾಳ ಸಾಕಾಗ್ಯದ. ಡ್ರಮ್ ಬಂಡಿ ಮ್ಯಾಲ ಇಡು."

ನನ್ನ ಕಣ್ಣು ತುಂಬಿ ಬಂತು. ಕಾಡಿಗೆಯೂ ಗುಲಾಲೂ ಕೂಡಿ ಮುಖ ಏನಾಗಿತ್ತೋ, ತಾತ ನೋಡಿ ತಲೆ ಅಲ್ಲಾಡಿಸಿದ. ನಾನು ಡ್ರಮ್ಮು ಎತ್ತಿ ಬಂಡಿಗೆ ಹಾಕಿ ಹತ್ತಿದೆ. ಮನೋಹರ ಅರೆಗಳಿಗೆ ಅನುಮಾನಿಸಿ, ಅಕಾರ್ಡಿಯನ್ ಹೆಗಲಿಗೇರಿಸಿ ತಾನೂ ಹತ್ತಿದ. ಯೂಸುಫ್ ನನ್ನ ಕಡೆ ತಿರುಗಿ ತಲೆಯಾಡಿಸಿದ. ನಾನು ಬಡಿದೆ. ಎತ್ತುಗಳು ಬೆದರಿ ಕಿತ್ತುಕೊಂಡು ಓಡಿದವು, ದಿಬ್ಬಣ ಹಿಂದೆ ಓಡಿತು. ಅಷ್ಟು ಬೇಗ ಊರು ಹೊಕ್ಕ ಮದುಮಗ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಅರ್ಧ ಬ್ಯಾಂಡು ನಾವು ತಂದೆವು, ಅರ್ಧ ಬೀಗರು ತಂದರು, ಇದಲ್ಲವೇ ಸಂಬಂಧ ಎಂದು ಸಾಹುಕಾರರು ಊಟದ ಪಂಕ್ತಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ಹೋಳಿಗೆ, ಮಾವಿನ ಸೀಕರಣೆ. ನಾನು ಮಧ್ಯಾಹ್ನದಿಂದ ಹೆದರಿಕೆಯನ್ನಷ್ಟೇ ಉಂಡವನು, ಎರಡನ್ನೂ ಬಿಡಲಿಲ್ಲ.

ಮರುದಿನ ಲಾರಿ ನಮ್ಮೆಲ್ಲರನ್ನೂ ಚಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿತು. ಹುಮನಾಬಾದಿನ ಬಸ್ಸು ಆಗಲೇ ನಿಂತಿತ್ತು, ಸೇಡಮ್ಮಿನದು ಬರಬೇಕಿತ್ತು. ಹೆಸರು ಯಾರದು ಎಂಬ ಮಾತು ಇನ್ನೂ ಬಗೆಹರಿದಿರಲಿಲ್ಲ. ಮನೋಹರನೇ ಕೆಮ್ಮಿ ಶುರು ಮಾಡಿದ. ಅರ್ಧ ಸಿನಿಮಾ ಹಾಡು, ಅರ್ಧ ಇಂಗ್ಲಿಷ್ ಎಂದರೆ ಹೇಗೆ ಎಂದು ಕೇಳಿದ. ಯೂಸುಫ್ ಗಿಟಾರಿನ ಪಟ್ಟಿ ಬಿಗಿದ. ಹುಮನಾಬಾದಿನ ಕಂಡಕ್ಟರು ಎರಡು ಸಲ ಸೀಟಿ ಊದಿದ. ಯೂಸುಫನ ಜೊತೆ ಬಂದಿದ್ದ ಢೋಲಕಿಯವನೂ ಇನ್ನೊಬ್ಬನೂ ಹತ್ತಿ ಕೂತರು. ಯೂಸುಫ್ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನಿಂತ. ನಾನು ಆ ಕಾಲನ್ನೇ ನೋಡುತ್ತ ನಿಂತೆ.

ಅವನು ಕಾಲು ಕೆಳಗಿಳಿಸಿದ. ಬಸ್ಸು ಹೋಯಿತು.

ಸೇಡಮ್ಮಿನ ಬಸ್ಸು ಬಂದಾಗ ಮೊದಲು ಅದರ ನೆತ್ತಿಗೆ ಹತ್ತಿದವನು ಯೂಸುಫ್. ನಾನು ಕೆಳಗಿಂದ ಡ್ರಮ್ಮು ಎತ್ತಿ ಕೊಟ್ಟೆ, ಅವನು ಹಗ್ಗ ಬಿಗಿದ. ಒಳಗೆ ನನ್ನ ಪಕ್ಕ ಕೂತು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: "ಅರ್ಧ ಅಲ್ಲ. ಮುಕ್ಕಾಲು ಇಂಗ್ಲಿಷ್."

ಹಿಂದಿನ ಸೀಟಿನಿಂದ ಮನೋಹರ ಜಗಳಕ್ಕೆ ತಯಾರಾದ. ಇಬ್ಬರ ದನಿಯೂ ಏರತೊಡಗಿತು. ನಾನು ಹಾಯಾಗಿ ಕಾಲು ಚಾಚಿ, ಸುಲೇಪೇಟ ಬರುವ ಮುಂಚೆಯೇ ನಿದ್ದೆ ಹೋದೆ.